ಕಿಟಕಿ ಬದಿಯ ಚಾಪೆ

ವಿಲೆ ಪಾರ್ಲೆ ಪೂರ್ವ, ಮುಂಬಯಿ
18 ನವೆಂಬರ್ 2024, ಸೋಮವಾರ

ಪ್ರೀತಿಯ ಸೇವಂತಿ ಅಕ್ಕನಿಗೆ ನಿನ್ನ ತಂಗಿ ವಾರಿಜಾ ಮಾಡುವ ನಮಸ್ಕಾರ.

ಹೇಗಿದ್ದಿ ಅಕ್ಕಾ? ಮೊಣಕಾಲಿನ ನೋವು ಈಗ ಹೇಗುಂಟು? ಶುಗರಿನ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗುತ್ತೀಯೋ, ಇಲ್ಲ ಎರಡು ಹೊತ್ತಿನದನ್ನು ಒಟ್ಟಿಗೆ ನುಂಗಿ 'ಹೊಟ್ಟೆಗೆ ಹೋದರೆ ಆಯಿತಲ್ಲ' ಅನ್ನುತ್ತೀಯೋ? ನಿನ್ನ ಮಗ ಧನರಾಜ, ಅವನ ಹೆಂಡತಿ, ಮೊಮ್ಮಗಳು ಶ್ರಾವ್ಯಾ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಮ್ಮ ಯಜಮಾನರು, ನಿನ್ನ ಮೈದುನ ಅಣ್ಣು ಮಹಾಶಯರು ಕ್ಷೇಮ. ಎಪ್ಪತ್ತರ ಹತ್ತಿರ ಬಂದರೂ ಹೊಟೇಲಿನ ಗಲ್ಲಾ ಬಿಟ್ಟು ಏಳುವ ಮನಸ್ಸಿಲ್ಲ. ತಾವಿಲ್ಲದಿದ್ದರೆ ಪಾರ್ಲೆಯ ಜನ ಇಡ್ಲಿ ತಿನ್ನುವುದನ್ನೇ ಬಿಟ್ಟುಬಿಡುತ್ತಾರೆ ಎಂದು ಅವರ ಲೆಕ್ಕ. ಮಗ ಸಂದೀಪನಿಗೆ ಏರ್‌ಪೋರ್ಟಿನಲ್ಲಿ ಪಾಳಿಯ ಮೇಲೆ ಪಾಳಿ. ಸೊಸೆ ಯಕ್ಷಿತಾಳ ವಿಷಯ ಮುಂದೆ ಬರೆಯುತ್ತೇನೆ, ಈ ಕಾಗದದಲ್ಲಿ ಅವಳ ಪಾಲು ದೊಡ್ಡದು. ನಾನೂ ಕ್ಷೇಮ ಎಂದು ಬರೆದುಬಿಡುವುದು ರೂಢಿ. ಆ ಒಂದು ಮಾತನ್ನು ಮಾತ್ರ ಬುಧವಾರದವರೆಗೆ ಬಾಕಿ ಇಡುತ್ತೇನೆ, ಯಾಕೆಂದು ಓದುತ್ತಾ ಹೋದರೆ ಗೊತ್ತಾಗುತ್ತದೆ.

ಫೋನು ಇರುವಾಗ ಕಾಗದ ಎಂತಕ್ಕೆ ಎಂದು ನೀನು ಕೇಳುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ನಿನ್ನ ಫೋನು ನಿನ್ನ ಕೈಯಲ್ಲಿದ್ದರೆ ತಾನೆ! ಶ್ರಾವ್ಯಾ ಎತ್ತುತ್ತಾಳೆ, ಸ್ಪೀಕರ್ ಒತ್ತಿ ಊಟದ ಮೇಜಿನ ಮೇಲೆ ಇಡುತ್ತಾಳೆ. ಆಮೇಲೆ ನಾನು ಹೇಳಿದ್ದನ್ನು ನೀನು, ಧನರಾಜ, ಬಾಗಿಲಿಗೆ ಬಂದ ಮೀನಿನವಳು ಎಲ್ಲರೂ ಕೂಡಿ ಕೇಳುತ್ತೀರಿ. ಇವತ್ತಿನ ಮಾತು ಹಾಗೆ ಹೇಳುವಂಥದ್ದಲ್ಲ. ನಮ್ಮ ಮೇಲಿನ ಮಹಡಿಯ ಶೇಖರ ಬುಧವಾರ ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಹೊರಟಿದ್ದಾನೆ. ಇದನ್ನು ನಿನ್ನ ಕೈಗೇ ಕೊಡಬೇಕು, ಧನರಾಜನ ಕೈಗೂ ಬೇಡ ಎಂದು ಅವನಿಗೆ ಹೇಳಿದ್ದೇನೆ. ಹಿತ್ತಿಲಿಗೆ ಹೋಗಿ ನಿನ್ನ ಮಲ್ಲಿಗೆ ಗಿಡಗಳ ಮಧ್ಯೆ ಕೂತು ಓದು ಎಂದು ಬರೆಯಲು ಹೊರಟಿದ್ದೆ. ಆದರೆ ಈಗೀಗ ನೀನು ಆ ಗಿಡಗಳ ಹತ್ತಿರ ಹೋಗುವುದಿಲ್ಲವಂತಲ್ಲ. ಈ ಕಾಗದ ಅದರ ಬಗ್ಗೆಯೇ. ತಿಂಗಳಿನದ್ದು ನಿಂತು ಎಷ್ಟೋ ವರ್ಷವಾದ ಮೇಲೆ ನಿನಗೂ ನನಗೂ ಮತ್ತೆ ಕಾಣಿಸಿಕೊಂಡ ರಕ್ತದ ಬಗ್ಗೆ. ನೋಡು, ಬರೆದೇಬಿಟ್ಟೆ. ಹುಡುಗಿಯರಾಗಿದ್ದಾಗಿನಿಂದ 'ಕಾಗೆ ಮುಟ್ಟಿತು' ಎಂದೇ ಹೇಳಿಕೊಂಡು ಬಂದವರು ನಾವು. ಆ ಶಬ್ದ ಬರೆದು ಒಮ್ಮೆ ಬಾಗಿಲ ಕಡೆ ನೋಡಿದೆ.

ಮೊದಲು ನನ್ನ ಆಸೆಯ ಮಾತು ಹೇಳಿಬಿಡುತ್ತೇನೆ, ಬೈಯುವುದು ಆಮೇಲೆ ಇದ್ದೇ ಇದೆ. ಶನಿವಾರ ಶನಿವಾರ ನಾನು ಭಜನೆಗೆಂದು ಮಾಟುಂಗಕ್ಕೆ ಹೋಗುತ್ತೇನಲ್ಲ, ಲೋಕಲ್ ಇಳಿದು ಸೇತುವೆ ದಾಟಿದ ಕೂಡಲೇ ಹೂವಿನ ಅಂಗಡಿಗಳ ಸಾಲು. ಅಲ್ಲಿಗೆ ನಿಮ್ಮ ಕಡೆಯ ಮಲ್ಲಿಗೆ ಬರುತ್ತದೆ, ಬಾಳೆಲೆಯಲ್ಲಿ ಸುತ್ತಿ, ಬಾಳೆನಾರಿನಲ್ಲಿ ಕಟ್ಟಿದ್ದು. ನಾನು ಒಂದು ಚೆಂಡು ಕೊಂಡು, ಮುಡಿಯುವ ಮೊದಲು ಮೂಗಿಗೆ ಹಿಡಿದು ನಿಲ್ಲುತ್ತೇನೆ. ಇದು ನನ್ನ ಅಕ್ಕ ಕಿತ್ತದ್ದೋ, ಇನ್ಯಾರ ಹಿತ್ತಿಲಿನದ್ದೋ ಎಂದು ನೋಡುತ್ತೇನೆ. ಅಂಗಡಿಯವನು ನನ್ನನ್ನು ನೋಡಿ ನಗುತ್ತಾನೆ, 'ಹೂವು ತಾಜಾ ಇದೆ ಆಂಟಿ, ಅನುಮಾನ ಬೇಡ' ಅನ್ನುತ್ತಾನೆ. ಅವನಿಗೇನು ಗೊತ್ತು! ನಿನ್ನ ಊರಿನ ಮೊಗ್ಗು ಬೆಳಿಗ್ಗೆ ಗಿಡದಿಂದ ಇಳಿದು ಮುಂಬಯಿಗೆ ಬಂದುಬಿಡುತ್ತದೆ. ನೀನು ಮಾತ್ರ ಬರುವುದಿಲ್ಲ. ಭಾವ ತೀರಿಕೊಂಡ ಮೇಲೆ ಈ ಊರಿಗೆ ಒಮ್ಮೆಯೂ ಕಾಲಿಡಲಿಲ್ಲ ನೀನು. ನಾನು ಅಲ್ಲಿಗೆ ಬಂದಾಗೆಲ್ಲ ಮದುವೆಯೋ ಉತ್ತರಕ್ರಿಯೆಯ ಬೊಜ್ಜವೋ ಏನಾದರೊಂದು ಇರುತ್ತದೆ, ಮನೆ ತುಂಬ ಜನ, ನೀನು ಅಡುಗೆಮನೆಯಲ್ಲಿ ನಾನು ಚಪ್ಪರದಲ್ಲಿ. ನಾವಿಬ್ಬರೇ ಕೂತು ಮಾತಾಡಿ ಎಷ್ಟು ಕಾಲವಾಯಿತು ಅಕ್ಕಾ?

ನಾವಿಬ್ಬರೇ ಕೂತು ಮಾತಾಡಿದ ಜಾಗ ಎಂದರೆ ನನಗೆ ಈಗಲೂ ಬೈಕುಲ್ಲಾದ ಚಾಳಿನ ಆ ಕಿಟಕಿ. ಒಂದೇ ಖೋಲಿ, ಎರಡು ಸಂಸಾರ. ಅಕ್ಕ-ತಂಗಿಯರನ್ನು ಅಣ್ಣ-ತಮ್ಮಂದಿರಿಗೆ ಕೊಟ್ಟು ಒಂದೇ ಚಪ್ಪರದ ಖರ್ಚಿನಲ್ಲಿ ಕೆಲಸ ಮುಗಿಸಿದ ನಮ್ಮ ಅಪ್ಪನ ಜಾಣತನವನ್ನು ನೆನೆದು ನಾವು ಎಷ್ಟು ನಕ್ಕಿಲ್ಲ! ಊರಿನಲ್ಲಾದರೆ ಹೊರಗಾದವಳಿಗೆ ಕೂರಲು ಹೊರಗಿನ ಜಗಲಿ ಇತ್ತು. ಆ ಖೋಲಿಯಲ್ಲಿ ಹೊರಗೆ ಎಂದರೆ ಚಾಳಿನವರೆಲ್ಲ ನೀರು ಹಿಡಿಯುವ ನಳ್ಳಿಯೇ. ಅದಕ್ಕೆ ಭಾವ ಹಿಂದಿನ ಕಿಟಕಿಯ ಬದಿಗೆ ನಿನ್ನ ಹಳೆಯ ಸೀರೆಯೊಂದನ್ನು ಅಡ್ಡ ಕಟ್ಟಿ, ಅಮ್ಮ ಕೊಟ್ಟ ಓಲೆ ಚಾಪೆಯನ್ನು ಹಾಸಿ, 'ಇನ್ನು ಮೇಲೆ ಇದೇ ಹೊರಗೆ' ಎಂದು ದೊಡ್ಡ ಜಡ್ಜಿನ ಹಾಗೆ ತೀರ್ಪು ಕೊಟ್ಟರು. ತಿಂಗಳಿಡೀ ನಮಗೆ ನೀರಿನ ಸಾಲು, ಹೊಟೇಲಿನ ಹುಡುಗರ ಬಟ್ಟೆಯ ರಾಶಿ, ಹಪ್ಪಳದ ಹಿಟ್ಟು. ಆ ಮೂರು ದಿನ ಮಾತ್ರ ಏನನ್ನೂ ಮುಟ್ಟುವ ಹಾಗಿಲ್ಲ. ಮುಟ್ಟಬಾರದು ಎನ್ನುವುದನ್ನು ಊರಿನ ಹೆಂಗಸರು ಶಿಕ್ಷೆ ಅಂದುಕೊಂಡರೆ ನಾವು ಹಬ್ಬ ಅಂದುಕೊಂಡೆವು. ಗಂಡಸರು ಹೊಟೇಲಿನಿಂದ ದೋಸೆ ಕಟ್ಟಿಸಿ ತಂದು ಪರದೆಯ ಅಡಿಯಿಂದ ತಳ್ಳುತ್ತಿದ್ದರು. ಭಾವ ತಾವೇ ಚಹಾ ಮಾಡುತ್ತಿದ್ದರು, ಅದರಲ್ಲಿ ಚಹಾಪುಡಿಗಿಂತ ಸಕ್ಕರೆಯೇ ಜಾಸ್ತಿ. ನೀನು ನನ್ನ ಜಡೆ ಬಿಡಿಸಿ ಎಣ್ಣೆ ಹಾಕಿ ಹೇನು ನೋಡುತ್ತಿದ್ದೆ, ಇಲ್ಲದ ಹೇನಿಗೂ ನಾನು 'ಅಲ್ಲಿ, ಅಲ್ಲಿ' ಎಂದು ತಲೆ ಒಡ್ಡುತ್ತಿದ್ದೆ. ಕೆಳಗೆ ಮಾರ್ಕೆಟ್ಟಿನ ಹೂಕೋಸಿನ ಕೈಗಾಡಿಗಳು, ಅವುಗಳ ನಡುವೆ ಬೈದಾಡುವ ಹಮಾಲರು. ಅವರ ಬೈಗುಳದಿಂದಲೇ ನಾವು ಮರಾಠಿ ಕಲಿತದ್ದು.

ಮತ್ತೆ ನಮ್ಮ ಆ ಸುಳ್ಳು! ನಿನಗೆ ಬಂದಾಗ ನನಗೆ ಬಂದಿರದಿದ್ದರೂ 'ನನಗೂ ಕಾಗೆ ಮುಟ್ಟಿತು' ಎಂದು ಹೇಳಿ ನಾನು ಚಾಪೆಯ ಅರ್ಧ ಹಿಡಿಯುತ್ತಿದ್ದೆ. ನನಗೆ ಬಂದಾಗ ನೀನೂ ಹಾಗೇ. ಒಂದೊಂದು ತಿಂಗಳು ನಮ್ಮಿಬ್ಬರಿಗೂ ಎರಡೆರಡು ಸಲ ಬರುತ್ತಿತ್ತು, ಗಂಡಸರು ಪಾಪ, ಕೇಳಲು ನಾಚಿಕೆ, ಸುಮ್ಮನೆ ದೋಸೆ ತರುತ್ತಿದ್ದರು. ಎದುರು ಖೋಲಿಯ ನೀಲಾಬಾಯಿ ಒಬ್ಬಳಿಗೇ ನಮ್ಮ ಗುಟ್ಟು ಗೊತ್ತಿದ್ದದ್ದು. ಗ್ಯಾಲರಿಯಲ್ಲಿ ನಿಂತು 'ಕಾಯ್ ಗಂ, ಆಜ್ ಕಾವಳಾ ಶಿವಲಾ ಕಾ?' ಎಂದು ಕಣ್ಣು ಹೊಡೆಯುತ್ತಿದ್ದಳು. ಮರಾಠಿಯಲ್ಲೂ ಅದೇ ಕಾಗೆಯೇ ಎಂದು ಗೊತ್ತಾದ ದಿನ ನಮಗೆ ಎಷ್ಟು ಆಶ್ಚರ್ಯ! ನೀವು ಊರಿಗೆ ಹೋದ ಮೇಲೂ ನಾನು ಆ ಚಾಪೆ ಹಾಸಿ ಕೂತೆ. ಆದರೆ ಒಬ್ಬಳೇ ಕೂತರೆ ಅದು ಹಬ್ಬವಲ್ಲ, ಶಿಕ್ಷೆಯೇ. ಪಾರ್ಲೆಗೆ ಬಂದ ಮೇಲೆ ಯಾರೂ ಹೇಳಲಿಲ್ಲ, ನಾನೂ ಕೂರಲಿಲ್ಲ, ದೇವರ ದೀಪ ಒಂದು ಮುಟ್ಟುತ್ತಿರಲಿಲ್ಲ ಅಷ್ಟೇ. ಐವತ್ತಕ್ಕೆ ಎಲ್ಲ ನಿಂತಿತು. ಚಾಪೆ ಸುತ್ತಿ ಮಾಳಿಗೆಗೆ ಹಾಕಿದೆ.

ಈಗ ನಡೆದದ್ದನ್ನು ಕೇಳು. ಚೌತಿಗೆ ಎರಡು ದಿನ ಇರುವಾಗ ಮಧ್ಯಾಹ್ನ ತೆಂಗಿನಕಾಯಿ ತುರಿಯುತ್ತಾ ಕೂತಿದ್ದೆ. ಎದ್ದಾಗ ಸೀರೆಯಲ್ಲಿ ಕಲೆ. ಎಂಟು ವರ್ಷದ ಮೇಲೆ! ಹೆದರಿಕೆ ಆಗಬೇಕಿತ್ತಲ್ಲ, ನಿನ್ನಾಣೆ, ಹೆದರಿಕೆಯೇ ಆಗಲಿಲ್ಲ. ಆದದ್ದು ಸಂತೋಷ. ಹಳೆಯ ಗೆಳತಿಯೊಬ್ಬಳು ಹೇಳದೆ ಕೇಳದೆ ಬಾಗಿಲಿಗೆ ಬಂದ ಹಾಗೆ. ಸ್ಟೂಲು ಹತ್ತಿ ಮಾಳಿಗೆಯಿಂದ ಚಾಪೆ ಇಳಿಸಿದೆ, ಒದ್ದೆ ಬಟ್ಟೆಯಲ್ಲಿ ಒರೆಸಿ ಬೆಡ್‌ರೂಮಿನ ಕಿಟಕಿ ಬದಿಗೆ ಹಾಸಿದೆ, ಗೋಡೆಗೆ ಒರಗಿ ಕೂತೆ. ನಮ್ಮ ಕಿಟಕಿಯಿಂದ ಮಾರ್ಕೆಟ್ಟು ಕಾಣುವುದಿಲ್ಲ, ಇಳಿಯುವ ವಿಮಾನದ ಹೊಟ್ಟೆ ಕಾಣುತ್ತದೆ. ಪರವಾಗಿಲ್ಲ, ನಾನು ಚಾಪೆಯ ಅರ್ಧ ಖಾಲಿ ಬಿಟ್ಟೇ ಕೂತಿದ್ದೆ. ಇವರು ಹೊಟೇಲಿನಿಂದ ಬಂದು ನೋಡಿದರು. ಚಾಪೆ ಕಂಡದ್ದೇ ಮುಖದಲ್ಲಿ ಏನೋ ಒಂದು ಹಳೆಯ ನಾಚಿಕೆ ಬಂತು ನೋಡು. ಒಂದು ಮಾತು ಕೇಳದೆ ಅಡುಗೆಮನೆಗೆ ಹೋಗಿ ಚಹಾ ಮಾಡಿ ತಂದರು. ಅಣ್ಣನ ತಮ್ಮನೇ ಸೈ, ಅದರಲ್ಲೂ ಸಕ್ಕರೆಯೇ ಜಾಸ್ತಿ. ಮೂರು ದಿನ ನಾನು ರಾಣಿ. ನಾಲ್ಕನೇ ದಿನ ತಲೆಗೆ ಸ್ನಾನ ಮಾಡಿದೆ, ಚಾಪೆ ಸುತ್ತಿದೆ, ಮುಗಿಯಿತು ಅಂದುಕೊಂಡೆ. ರಕ್ತ ಬಂದರೆ ಏನು ಮಾಡಬೇಕು ಎನ್ನುವುದಕ್ಕೆ ನಮ್ಮಲ್ಲಿ ಎಲ್ಲ ಕ್ರಮ ಇದೆಯಲ್ಲ ಅಕ್ಕಾ, ಹಾಗಾಗಿ ಯಾಕೆ ಬಂತು ಎಂದು ಕೇಳಬೇಕೆಂದೇ ನಮಗೆ ಹೊಳೆಯುವುದಿಲ್ಲ.

ಚೌತಿ ಕಳೆದು ನಿನಗೆ ಫೋನು ಮಾಡಿದಾಗ ತಡೆಯಲಾಗದೆ 'ಕಾಗೆ ತಿರುಗಿ ಬಂದಿತ್ತು ಮಾರಾಯ್ತಿ' ಎಂದೆ. ಸ್ಪೀಕರಿನಲ್ಲಿ ಶ್ರಾವ್ಯಾ 'ಯಾವ ಕಾಗೆ ಅಜ್ಜಿ?' ಎಂದು ಕೇಳಿದ್ದು ನೆನಪುಂಟಾ? ನೀನು ನಕ್ಕು ನಕ್ಕು ಕೆಮ್ಮಿದೆ. ಆಮೇಲೆ 'ಇಲ್ಲಿಗೂ ಬಂದು ಹೋಗ್ತದೆ ಮಾರಾಯ್ತಿ, ನಿನಗೊಬ್ಬಳಿಗೇ ಅಂತ ಗ್ರಹಿಸಬೇಡ' ಎಂದೆ. ನಾನೂ ನಕ್ಕೆ. ಚಾಪೆಯ ಖಾಲಿ ಅರ್ಧಕ್ಕೆ ನೀನೇ ಬಂದು ಕೂತ ಹಾಗಾಯಿತು. ಆ ನಗು ಈಗ ನೆನಪಾದರೆ ನನಗೆ ನಾನೇ ಬೈದುಕೊಳ್ಳುತ್ತೇನೆ. ನೀನು ಹೇಳಿದ್ದು ನಮ್ಮ ಹಳೆಯ ಸುಳ್ಳೇ ಆಗಿರಲಿ, ನನ್ನ ಜೊತೆ ಕೂರುವುದಕ್ಕೆಂದು ಹೇಳಿದ್ದಾಗಿರಲಿ ಎಂದು ಎಷ್ಟು ದೇವರಿಗೆ ಕೈ ಮುಗಿದೆನೋ. ಆದರೆ ದೀಪಾವಳಿಗೆ ಧನರಾಜ ಫೋನು ಮಾಡಿದವನು ಸುಮ್ಮನೆ ಮಾತಿಗೆ ಹೇಳಿದ್ದ, 'ಅಮ್ಮ ಈಗೀಗ ತಿಂಗಳಿಗೆ ನಾಲ್ಕೈದು ದಿನ ಮಲ್ಲಿಗೆ ಗಿಡದ ಹತ್ರವೇ ಹೋಗುದಿಲ್ಲ ಚಿಕ್ಕಮ್ಮ, ಸೊಂಟ ನೋವಂತೆ' ಎಂದು. ಹೊರಗಾದವಳು ಮುಟ್ಟಿದರೆ ಮಲ್ಲಿಗೆ ಗಿಡ ಕರಟುತ್ತದೆ ಎಂದು ನಂಬಿದವಳು ನೀನು. ಸೊಂಟ ಮುರಿದರೂ ಮೊಗ್ಗು ಕೀಳುವುದನ್ನು ಬಿಡುವವಳಲ್ಲ ಎಂದು ನಿನ್ನ ಮಗನಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತು. ಹಾಗಾದರೆ ನಿನ್ನದು ಸುಳ್ಳಲ್ಲ.

ನನಗೆ ನವರಾತ್ರಿಯಲ್ಲಿ ಮತ್ತೊಮ್ಮೆ ಬಂತು. ಆ ಸಲ ಅಷ್ಟು ಸಂತೋಷ ಆಗಲಿಲ್ಲ. ದೀಪಾವಳಿಗೆ ಮೂರನೇ ಸಲ, ಬರೇ ಕಂದು ಬಣ್ಣದ ಚುಕ್ಕೆ. ಹಬ್ಬದ ಸಂಜೆ ದೀಪ ಹಚ್ಚು ಎಂದು ಯಕ್ಷಿತಾಳಿಗೆ ಹೇಳಿ ನಾನು ದೂರ ನಿಂತೆ. ಆ ಹುಡುಗಿ ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು, ಅವಳ ಕನ್ನಡ ಬೋರಿವಲಿ ಫಾಸ್ಟ್ ಲೋಕಲಿನ ಹಾಗೆ, ಮಧ್ಯದ ಎಷ್ಟೋ ಸ್ಟೇಷನ್ನುಗಳಲ್ಲಿ ನಿಲ್ಲುವುದೇ ಇಲ್ಲ. ಕೈಯಲ್ಲಿ ಬೆಂಕಿಪೆಟ್ಟಿಗೆ ಹಿಡಿದುಕೊಂಡೇ ಕೇಳಿದಳು, 'ಅತ್ತೆ, ನೀವು ಯಾಕೆ ಹಚ್ಚೋದಿಲ್ಲ? ಪೀರಿಯಡ್ಸ್ ಹೈ ಕ್ಯಾ?' ನಾನು ತಲೆ ತಗ್ಗಿಸಿದೆ. 'ಪರ್ ವೋ ತೋ ಬಂದ್ ಆಗಿತ್ತು ಅಲ್ವಾ? ಆಠ್ ಸಾಲ್ ಆದ್ಮೇಲೆ ಪೀರಿಯಡ್ಸ್ ಬರೋದಿಲ್ಲ ಅತ್ತೆ. ಇದು ಬೇರೆ ಏನೋ.' ನನಗೆ ಸಿಟ್ಟು ಬಂತು. ನಮ್ಮ ಕಡೆ ಕೆಲವರಿಗೆ ಹೋದದ್ದು ತಿರುಗಿ ಬರುತ್ತದೆ, ನಮ್ಮ ದೊಡ್ಡಮ್ಮನಿಗೂ ಬಂದಿತ್ತು, ನಿನಗೇನು ಗೊತ್ತು ಎಂದು ಗದರಿಸಿದೆ. ಅವಳು ಸಮಾಧಾನದಿಂದಲೇ ಕೇಳಿದಳು, 'ಮತ್ತೆ ಆ ದೊಡ್ಡಮ್ಮ ಏನಾದ್ರು?'

ಅಕ್ಕಾ, ದೊಡ್ಡಮ್ಮ ಮುದುಕಿಯಾದ ಮೇಲೆ ಮತ್ತೆ ಜಗಲಿಯಲ್ಲಿ ಕೂತದ್ದು, ಹೆಂಗಸರೆಲ್ಲ 'ಹೊಸ ಮದುಮಗಳು' ಎಂದು ತಮಾಷೆ ಮಾಡಿದ್ದು, ಅವರೂ ಸೆರಗು ಬಾಯಿಗೆ ಹಿಡಿದು ನಕ್ಕದ್ದು ನನಗೆ ನೆನಪಿತ್ತು. ಮುಂದಿನ ವರ್ಷ ಹೊಟ್ಟೆಯ ಗಡ್ಡೆ ಎಂದು ಮಲಗಿದವರು ಏಳಲೇ ಇಲ್ಲ ಎನ್ನುವುದೂ ನೆನಪಿತ್ತು. ಈ ಎರಡನ್ನೂ ನಾನು ಇಷ್ಟು ವರ್ಷ ಬೇರೆ ಬೇರೆ ಕಪಾಟಿನಲ್ಲಿ ಇಟ್ಟಿದ್ದೆ. ನೀನೂ ಹಾಗೇ ಇಟ್ಟಿದ್ದೀ ಎಂದು ನನಗೆ ಗೊತ್ತು. ಯಕ್ಷಿತಾ ದೀಪ ಹಚ್ಚಿದಳು, ಮಾರನೇ ದಿನವೇ ಡಾಕ್ಟ್ರಲ್ಲಿ ನನ್ನ ಹೆಸರು ಬರೆಸಿದಳು. ಇವರಿಗೆ ವಿಷಯ ಹೇಳಿದವಳೂ ಅವಳೇ. ಇವರು ಅವತ್ತು ಗಲ್ಲಾಕ್ಕೆ ಹೋಗಲಿಲ್ಲ. ನಲ್ವತ್ತು ವರ್ಷದಲ್ಲಿ ಮೊದಲ ಸಲ ಇರಬೇಕು.

ಡಾಕ್ಟ್ರ ಹೆಸರು ಶೀತಲ್, ನಮ್ಮ ಸಂದೀಪನಷ್ಟೇ ವಯಸ್ಸು. ಎಲ್ಲ ಕೇಳಿದರು. ನಿಂತು ಎಷ್ಟು ವರ್ಷವಾಯಿತು, ಶುಗರ್ ಉಂಟಾ, ಪ್ರೆಷರ್ ಉಂಟಾ, ಹಾರ್ಮೋನಿನ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತೀರಾ, ಮನೆಯಲ್ಲಿ ಯಾರಿಗಾದರೂ ಗರ್ಭಕೋಶದ್ದೋ ಕರುಳಿನದ್ದೋ ಕ್ಯಾನ್ಸರ್ ಆಗಿತ್ತಾ. ನಾನು ದೊಡ್ಡಮ್ಮನ ಕಥೆ ಹೇಳಿದೆ, ಬರೆದುಕೊಂಡರು. ಬಂದದ್ದನ್ನು ಏನೆಂದು ತಿಳಿದಿರಿ ಎಂದು ಕೇಳಿದಾಗ, ಹಳೆಯ ಕಾಲ ತಿರುಗಿ ಬಂತು ಅಂದುಕೊಂಡೆ ಎಂದೆ. ಅವರು ನಗಲಿಲ್ಲ. 'ಮೌಶಿ, ಪೂರಾ ಏಕ್ ಸಾಲ್ ಬಂದ್ ಹೋನೇ ಕೆ ಬಾದ್ ಏಕ್ ಬೂಂದ್ ಭೀ ಆಯೇ, ತೋ ದಿಖಾನಾ ಹೈ' ಎಂದರು. ನಿಂತು ಒಂದು ವರ್ಷ ತುಂಬಿದ ಮೇಲೆ ಒಂದೇ ಒಂದು ಹನಿ ಬಂದರೂ ಅದು ಮುಟ್ಟಲ್ಲ, ಕೆಂಪಿರಲಿ, ಗುಲಾಬಿ ಇರಲಿ, ಕಂದು ಇರಲಿ, ಒಮ್ಮೆ ಬಂದು ನಿಂತರೂ ಸರಿ, ತೋರಿಸಲೇಬೇಕು. ಹಾಗೆ ಬರುವ ಹತ್ತು ಹೆಂಗಸರಲ್ಲಿ ಹೆಚ್ಚುಕಡಿಮೆ ಒಂಬತ್ತು ಮಂದಿಯದ್ದು ಕ್ಯಾನ್ಸರ್ ಅಲ್ಲವಂತೆ. ಪ್ರಾಯಕ್ಕೆ ಒಳಗಿನ ಚರ್ಮ ತೆಳುವಾಗಿ ಒಣಗುತ್ತದೆ, ಅದರಿಂದ ಬರಬಹುದು. ಗರ್ಭಕೋಶದೊಳಗೆ ಸಣ್ಣ ಮಾಂಸದ ಮೊಗ್ಗು ಹುಟ್ಟಬಹುದು, ಅದಕ್ಕೆ ಪಾಲಿಪ್ ಅನ್ನುತ್ತಾರೆ. ಹತ್ತರಲ್ಲಿ ಒಬ್ಬಳದ್ದು ಮಾತ್ರ ಗರ್ಭಕೋಶದ ಕ್ಯಾನ್ಸರ್. ಆ ಒಬ್ಬಳು ಯಾರೆಂದು ಬಣ್ಣ ನೋಡಿ, ನೋವು ಕೇಳಿ ಹೇಳಲಾಗುವುದಿಲ್ಲ, ಹೆಚ್ಚಿನ ಸಲ ನೋವೇ ಇರುವುದಿಲ್ಲ. ಅದು ತನ್ನನ್ನು ರಕ್ತದಿಂದ ಬೇಗ ತೋರಿಸಿಕೊಳ್ಳುತ್ತದೆ ಎನ್ನುವುದೇ ಒಂದು ಪುಣ್ಯ, ಬೇಗ ಬಂದವರಲ್ಲಿ ಹೆಚ್ಚಿನವರು ಆಪರೇಷನ್ನಿನಲ್ಲೇ ಗುಣವಾಗುತ್ತಾರೆ ಎಂದರು.

ಪರೀಕ್ಷೆಯ ಬಗ್ಗೆ ಹೇಳದಿದ್ದರೆ ನೀನು ಇಲ್ಲದ್ದನ್ನೆಲ್ಲ ಕಲ್ಪಿಸಿಕೊಳ್ಳುತ್ತೀ, ಅದಕ್ಕೆ ಹೇಳುತ್ತೇನೆ. ಮೊದಲು ಒಳಗಿನಿಂದ ಒಂದು ಸೋನೋಗ್ರಫಿ. ನಾಚಿಕೆ ಆಗುತ್ತದೆ, ಆಗಲಿ, ಮೂರು ಹೆತ್ತವಳು ನೀನು, ಆಗ ಇದ್ದ ನಾಚಿಕೆ ಎಲ್ಲಿ ಹೋಗಿತ್ತು? ಗರ್ಭಕೋಶದ ಒಳಪದರ ಎಷ್ಟು ದಪ್ಪ ಇದೆ ಎಂದು ಅದರಲ್ಲಿ ನೋಡುತ್ತಾರೆ. ನನ್ನದು ಇರಬೇಕಾದ್ದಕ್ಕಿಂತ ದಪ್ಪ ಇತ್ತು. ಹಾಗಾಗಿ ಸಪೂರ ನಳಿಗೆ ಹಾಕಿ ಆ ಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹಿಂದೆ ಮೊದಲ ದಿನ ಹೊಟ್ಟೆ ಹಿಂಡುತ್ತಿತ್ತಲ್ಲ, ಅಂಥದ್ದೇ ನೋವು, ನೀನು ಒಂದು ವೀಳ್ಯ ಜಗಿದು ಮುಗಿಸುವ ಮೊದಲೇ ಮುಗಿಯುತ್ತದೆ. ಯಕ್ಷಿತಾ ಅಲ್ಲೇ ನನ್ನ ಕೈ ಹಿಡಿದು ನಿಂತಿದ್ದಳು. ಅವಳು ನಮ್ಮ ಮನೆಗೆ ಬಂದ ವರ್ಷ 'ಈ ಹುಡುಗಿಗೆ ತುಳುವೂ ಬರುವುದಿಲ್ಲ, ಕನ್ನಡವೂ ನೆಟ್ಟಗಿಲ್ಲ, ಇವಳೊಟ್ಟಿಗೆ ಎಂತ ಮಾತಾಡುದು' ಎಂದು ನಿನ್ನಲ್ಲಿ ಅತ್ತಿದ್ದೆನಲ್ಲ, ಆ ಮಾತನ್ನು ನಾನು ವಾಪಸು ತೆಗೆದುಕೊಂಡಿದ್ದೇನೆ. ರಿಪೋರ್ಟು ಬುಧವಾರ ಬೆಳಿಗ್ಗೆ ಬರುತ್ತದೆ. ಇವರು ಸಕ್ಕರೆ ಹಾಕದ ಚಹಾ ಮಾಡುತ್ತಿದ್ದಾರೆ, ಮರೆತು.

ನನ್ನದು ಏನು ಬಂದರೂ ನೋಡಿಕೊಳ್ಳುತ್ತೇನೆ ಅಕ್ಕಾ. ಆದರೆ ಕಣ್ಣು ಮುಚ್ಚಿದರೆ ನಿನ್ನ ಮುಖವೇ ಬರುತ್ತದೆ. ನಿನಗೆ ಅರುವತ್ತನಾಲ್ಕು, ನಿಂತು ಹದಿನಾಲ್ಕು ವರ್ಷ. ಶುಗರ್ ಉಂಟು, ಪ್ರೆಷರ್ ಉಂಟು, ಮೈ ಭಾರ ಉಂಟು. ಇವೆಲ್ಲ ಇದ್ದವರು ಇನ್ನೂ ಬೇಗ ತೋರಿಸಬೇಕು ಎಂದು ಡಾಕ್ಟ್ರು ಹೇಳುವಾಗ ನನಗೆ ಅವರು ನಿನ್ನ ಬಗ್ಗೆಯೇ ಹೇಳುತ್ತಿದ್ದಾರೆ ಅನ್ನಿಸಿತು. ನೀನು ಏನನ್ನುತ್ತೀ ಎಂದೂ ಗೊತ್ತು. 'ಸ್ವಲ್ಪವೇ ಬರುದು' ಅನ್ನುತ್ತೀ. ಸ್ವಲ್ಪವಾದರೂ ಅಷ್ಟೇ, ಹೇಳಿದೆನಲ್ಲ. 'ಮದುವೆ ಸೀಸನ್ನು, ಹೂವಿಗೆ ರೇಟು ಉಂಟು, ಕಳೆಯಲಿ' ಅನ್ನುತ್ತೀ. ಗಿಡ ಅಲ್ಲೇ ಇರುತ್ತದೆ. 'ಈ ಪ್ರಾಯದಲ್ಲಿ ಅಲ್ಲೆಲ್ಲ ತೋರಿಸುದು ಎಂತ ಮರ್ಯಾದೆ' ಅನ್ನುತ್ತೀ. ಮರ್ಯಾದೆಯನ್ನು ಹಿಡಿದುಕೊಂಡು ದೊಡ್ಡಮ್ಮ ಹೋದರು. ಉಡುಪಿಯಲ್ಲಿ ಹೆಂಗಸು ಡಾಕ್ಟ್ರಿಗೆ ಬರವಿಲ್ಲ. ಧನರಾಜನಿಗೆ ಹೇಳಲು ನಾಚಿಕೆಯಾದರೆ ಅವನ ಹೆಂಡತಿಗೆ ಹೇಳು, ಸೊಸೆಯಂದಿರನ್ನು ನಾವು ತಿಳಿದಷ್ಟು ಕಡಿಮೆ ತಿಳಿಯಬಾರದು. ಒಂದು ವೇಳೆ ಜಾಸ್ತಿ ಹೋದರೆ, ಬಟ್ಟೆ ಮೇಲಿಂದ ಮೇಲೆ ಒದ್ದೆಯಾದರೆ, ತಲೆ ತಿರುಗಿದರೆ, ನಾಳೆ ಎನ್ನಬೇಡ, ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗು. ನಾನು ಇಷ್ಟು ಕಟ್ಟುನಿಟ್ಟಾಗಿ ನಿನ್ನೊಟ್ಟಿಗೆ ಯಾವತ್ತೂ ಮಾತಾಡಿದವಳಲ್ಲ. ನನ್ನನ್ನು ಸಾಕಿ, ತಲೆ ಬಾಚಿ, ಬೈಕುಲ್ಲಾದ ಆ ನೀರಿನ ಸಾಲಿನಲ್ಲಿ ನನ್ನ ಕೊಡವನ್ನೂ ಹೊತ್ತವಳು ನೀನು. ನೀನಿಲ್ಲದ ಊರಿಗೆ ನಾನು ಎಂತಕ್ಕೆ ಬರಲಿ? ಆ ಮಾಟುಂಗದ ಮಲ್ಲಿಗೆಯನ್ನು ಮೂಗಿಗೆ ಹಿಡಿದು ಯಾರನ್ನು ಹುಡುಕಲಿ?

ಇನ್ನು ನಿಲ್ಲಿಸುತ್ತೇನೆ, ಕಣ್ಣು ಮಂಜಾಗುತ್ತಿದೆ. ಧನರಾಜನಿಗೂ ಅವನ ಹೆಂಡತಿಗೂ ನಮ್ಮ ಆಶೀರ್ವಾದ. ಶ್ರಾವ್ಯಾಳಿಗೆ ಒಂದು ಮುತ್ತು, ಸ್ಪೀಕರ್ ಒತ್ತಿದ್ದಕ್ಕೆ ಒಂದು ಗುದ್ದು. ಇವರು ಅತ್ತಿಗೆಗೆ ನಮಸ್ಕಾರ ಹೇಳಲು ಹೇಳಿದ್ದಾರೆ. ಯಕ್ಷಿತಾ ತಾನೇ ಕನ್ನಡದಲ್ಲಿ ಬರೆಯುತ್ತೇನೆ ಎಂದು ಹೊರಟು 'ದೊಡ್ಡಮ್ಮ' 'ನಮಸ್ತೆ' ಎಂದು ಎರಡು ಶಬ್ದ ಬರೆದು ಪೆನ್ನು ಕೆಳಗಿಟ್ಟಳು, ಮೂಲೆಯಲ್ಲಿ ನೋಡು. ಮೈ ಜಾಗ್ರತೆ.

ಎಂದೂ ನಿನ್ನವಳೇ ಆದ
ವಾರಿಜಾ

ಬಾಕಿ ಇಟ್ಟ ಮಾತು, ಬುಧವಾರ ಬೆಳಿಗ್ಗೆ. ಶೇಖರ ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದಾನೆ, ಅಕ್ಷರ ಸೊಟ್ಟ ಇದ್ದರೆ ಬೈಯಬೇಡ. ರಿಪೋರ್ಟು ಬಂತು. ನನ್ನದು ಕ್ಯಾನ್ಸರ್ ಅಲ್ಲ ಅಕ್ಕಾ. ಮಾಂಸದ ಮೊಗ್ಗು, ಅಷ್ಟೇ. ಮುಂದಿನ ತಿಂಗಳು ತೆಗೆಯುತ್ತಾರೆ, ಅದೇ ದಿನ ಮನೆಗೆ. ಇವರು ಫೋನಿನಲ್ಲಿ ಕೇಳಿ ಗಲ್ಲಾದಲ್ಲಿ ಕೂತು ಅತ್ತರಂತೆ. ಇದನ್ನು ನಿನಗೆ ಬರೆಯಲು ನನಗೆ ಹೆದರಿಕೆಯಾಯಿತು. 'ನೋಡಿದಿಯಾ, ಎಂತದೂ ಇಲ್ಲ' ಎಂದು ನೀನು ಕಾಗದ ಮಡಚಿ ಮತ್ತೆ ಜಗಲಿಯಲ್ಲಿ ಕೂರುತ್ತೀ. ಅದಕ್ಕೆ ಒಂದು ಗಳಿಗೆ ಹಳೆಯ ಬುದ್ಧಿ ಓಡಿತು. ನನಗೆ ದೊಡ್ಡ ಕಾಯಿಲೆ, ಆಪರೇಷನ್ನು, ಉಳಿಯುತ್ತೇನೋ ಇಲ್ಲವೋ ಎಂದು ಸುಳ್ಳು ಬರೆದುಬಿಡಲೇ ಅಂದುಕೊಂಡೆ. ನನಗಾಗಿ ಆದರೆ ನೀನು ಉಟ್ಟ ಸೀರೆಯಲ್ಲೇ ರೈಲು ಹತ್ತುತ್ತೀ, ನಿನಗಾಗಿ ಉಡುಪಿಯವರೆಗೂ ಹೋಗುವುದಿಲ್ಲ. ಬರೆಯಲಿಲ್ಲ. ನಮ್ಮ ಸುಳ್ಳುಗಳೆಲ್ಲ ಚಾಪೆಯ ಅರ್ಧಕ್ಕಾಗಿ ಹೇಳಿದ್ದು, ಒಬ್ಬರನ್ನೊಬ್ಬರು ಹೆದರಿಸಲು ಅಲ್ಲ. ನಿಜವನ್ನೇ ಬರೆಯುತ್ತಿದ್ದೇನೆ. ನನ್ನ ರಿಪೋರ್ಟು ನನ್ನದು ಮಾತ್ರ ಅಕ್ಕಾ, ನಿನ್ನದಲ್ಲ. ಆ ಒಂಬತ್ತರಲ್ಲಿ ನಾನು ಒಬ್ಬಳು. ನೀನು ಯಾರೆಂದು ಇನ್ನೂ ಯಾರೂ ನೋಡಿಲ್ಲ. ಈ ವಾರವೇ ಉಡುಪಿಯಲ್ಲಿ ತೋರಿಸು. ಅಲ್ಲಿ ಆಗುವುದಿಲ್ಲ ಎಂದಾದರೆ ಶೇಖರ ಮುಂದಿನ ಬುಧವಾರ ಹಿಂದೆ ಬರುತ್ತಾನೆ, ಅವನ ಪಕ್ಕದ ಸೀಟು ಯಕ್ಷಿತಾ ನಿನ್ನ ಹೆಸರಿನಲ್ಲಿ ತೆಗೆದಿದ್ದಾಳೆ, ಆ ವಾರದ ಶುಕ್ರವಾರಕ್ಕೆ ಶೀತಲ್ ಡಾಕ್ಟ್ರಲ್ಲಿ ಹೆಸರೂ ಬರೆಸಿದ್ದಾಳೆ. ನಾನು ಕೈ ಹಿಡಿದು ನಿಲ್ಲುತ್ತೇನೆ. ಚಾಪೆಯನ್ನು ಮಾಳಿಗೆಗೆ ಹಾಕಿಲ್ಲ, ಕಿಟಕಿ ಬದಿಯಲ್ಲೇ ಹಾಸಿದೆ. ಡಾಕ್ಟ್ರಲ್ಲಿ ಮುಗಿಸಿ ಬಂದು ಅದರ ಮೇಲೆ ಬೇಕಾದಷ್ಟು ದಿನ ಕೂರುವಾ, ಇವರು ಚಹಾ ತರುತ್ತಾರೆ. ಈ ಸಲ ಕೂರುವುದಕ್ಕೆ ನಮಗೆ ಕಾಗೆಯ ನೆಪ ಬೇಡ.